ಸಾರಿದವರು ಯಾರು, ಕೊಂಡಾಡಿದವರು ಯಾರು?



ಇಂಗ್ಲಿಷ್ ಕ್ರಿಯಾಪದಗಳ ಬಗ್ಗೆ ಬರೆಯುತ್ತೇನೆಂದ ಕೂಡಲೇ ನಿಮ್ಮಲ್ಲಿ ಅರ್ಧದಷ್ಟು ಮಂದಿ ಈ ಪುಟವನ್ನು ಮುಚ್ಚಿಬಿಡುವ ಸಾಧ್ಯತೆಯಿದೆ ಎಂಬುದನ್ನು ನಾನು ಬಲ್ಲೆ. ದಯವಿಟ್ಟು ಮುಚ್ಚಬೇಡಿ. ಇದು ಪಾಠವಲ್ಲ, ಪರೀಕ್ಷೆಯೂ ಇಲ್ಲ. ಇದೊಂದು ತಕರಾರು. ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದವನಿಗೆ ನಿವೃತ್ತಿಯ ನಂತರ ಉಳಿಯುವ ಆಸ್ತಿಯೆಂದರೆ ಇಂತಹ ಕೆಲವು ತಕರಾರುಗಳು ಮಾತ್ರ.

ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯನ್ನು ತೆರೆದರೆ ಕೆಲವು ಕ್ರಿಯಾಪದಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಬ್ಬರು ಯಾವುದೋ ಯೋಜನೆಯನ್ನು ‘ಅನೌನ್ಸ್’ ಮಾಡಿದ್ದಾರೆ, ಇನ್ನೊಬ್ಬರು ಅದನ್ನು ‘ಹೇಲ್’ ಮಾಡಿದ್ದಾರೆ, ಮತ್ತೊಂದು ಸಂಸ್ಥೆ ತನ್ನ ವಿಜಯವನ್ನು ‘ಡಿಕ್ಲೇರ್’ ಮಾಡಿದೆ, ಒಂದು ಯಂತ್ರವು ಹೊಸ ಯುಗವನ್ನು ‘ಹೆರಾಲ್ಡ್’ ಮಾಡುತ್ತಿದೆ, ಒಬ್ಬ ಲೇಖಕ ‘ಅಕ್ಲೇಮ್’ ಪಡೆದಿದ್ದಾನೆ. ಇವೆಲ್ಲವೂ ಒಂದೇ ಅರ್ಥದ ಪದಗಳೆಂದೂ, ಬೇಸರವಾಗದಿರಲೆಂದು ಬದಲಿಸಿ ಬದಲಿಸಿ ಬಳಸುವುದಕ್ಕೆ ಇರುವಂಥವೆಂದೂ ಬಹಳ ಜನ ತಿಳಿದಿದ್ದಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಇವು ಸಮಾನಾರ್ಥಕ ಪದಗಳಲ್ಲ. ಪ್ರತಿಯೊಂದು ಕ್ರಿಯಾಪದವೂ ‘ಈ ಮಾತನ್ನು ಆಡುವ ಅಧಿಕಾರ ಯಾರಿಗಿದೆ, ಇದು ಸುಳ್ಳಾದರೆ ಹೊಣೆ ಯಾರದು’ ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರವನ್ನು ಕೊಡುತ್ತದೆ. ಅವುಗಳನ್ನು ಕಲಸಿಬಿಟ್ಟರೆ ಮೊದಲು ಮಾಯವಾಗುವುದು ವ್ಯಾಕರಣವಲ್ಲ, ಹೊಣೆಗಾರಿಕೆ.

ಮೊದಲು ‘ಅನೌನ್ಸ್’ ಪದವನ್ನು ತೆಗೆದುಕೊಳ್ಳೋಣ. ಇದರ ಮೂಲ ಲ್ಯಾಟಿನ್ ಭಾಷೆಯ ‘ನುಂಟಿಯಸ್’, ಎಂದರೆ ದೂತ, ಸುದ್ದಿ ತರುವವನು. ದೂತನ ಕೆಲಸ ಸುದ್ದಿಯನ್ನು ಮುಟ್ಟಿಸುವುದು. ನಮ್ಮ ಹಳ್ಳಿಗಳಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದವನು ಕಂದಾಯವನ್ನು ತಾನು ವಿಧಿಸುತ್ತಿರಲಿಲ್ಲ. ಕಂದಾಯ ಕಟ್ಟಬೇಕಾದ ದಿನವನ್ನು ತಿಳಿಸುತ್ತಿದ್ದ, ಅಷ್ಟೆ. ಆದ್ದರಿಂದ ‘ಅನೌನ್ಸ್’ ಮಾಡಿದ ಮಾತ್ರಕ್ಕೆ ಏನೂ ಆಗಿಬಿಡುವುದಿಲ್ಲ. ಆಗಿರುವುದನ್ನೋ ಆಗಲಿರುವುದನ್ನೋ ಹೇಳಿದಂತಾಯಿತು. ಆದರೆ ಇಂದು ಸೇತುವೆಯನ್ನು ‘ಅನೌನ್ಸ್’ ಮಾಡುವುದೂ ಸೇತುವೆಯನ್ನು ಕಟ್ಟುವುದೂ ಒಂದೇ ಎಂಬಂತೆ ನಾವು ಓದುತ್ತೇವೆ. ಅದೇ ಸೇತುವೆಯನ್ನು ಮೂರು ಸಲ ‘ಅನೌನ್ಸ್’ ಮಾಡಿದರೆ ಮೂರು ಸೇತುವೆಗಳಾದವೆಂದು ಸಂತೋಷಪಡುತ್ತೇವೆ.

ಇದರ ಅಪಾಯವನ್ನು ವಿಜ್ಞಾನದ ಇತಿಹಾಸವೇ ತೋರಿಸಿದೆ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಪಾನ್ಸ್ ಮತ್ತು ಮಾರ್ಟಿನ್ ಫ್ಲೈಶ್‌ಮನ್ ಎಂಬ ಇಬ್ಬರು ರಸಾಯನವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದು, ಸೂರ್ಯನ ಒಡಲಿನಲ್ಲಿ ನಡೆಯುವ ಪರಮಾಣು ಸಮ್ಮಿಲನವನ್ನು ತಾವು ಕೋಣೆಯ ಉಷ್ಣತೆಯಲ್ಲಿ, ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲಿ ಸಾಧಿಸಿರುವುದಾಗಿ ‘ಅನೌನ್ಸ್’ ಮಾಡಿದರು. ಇತರ ವಿಜ್ಞಾನಿಗಳು ಪ್ರಯೋಗದ ವಿವರಗಳನ್ನು ಓದಿ, ಪರೀಕ್ಷಿಸಿ, ಒಪ್ಪುವುದಕ್ಕೆ ಮೊದಲೇ ಸುದ್ದಿ ಜಗತ್ತನ್ನು ಸುತ್ತಿತು. ಇಂಧನದ ಕೊರತೆ ಇನ್ನಿಲ್ಲವೆಂದು ಜನ ಅದನ್ನು ಕೊಂಡಾಡಿದರು. ಆಮೇಲೆ ಹಲವು ಪ್ರಯೋಗಾಲಯಗಳು ಆ ಪ್ರಯೋಗವನ್ನು ಮಾಡಿ ನೋಡಿದವು. ಆ ಫಲಿತಾಂಶ ಅವರ ಕೈಗೆ ಹತ್ತಲಿಲ್ಲ. ಅದೇ ವರ್ಷದ ಕೊನೆಗೆ ಅಮೆರಿಕದ ಇಂಧನ ಇಲಾಖೆಯ ಸಮಿತಿಯು ನಂಬಲರ್ಹವಾದ ಪುರಾವೆ ಇಲ್ಲವೆಂದು ವರದಿ ಕೊಟ್ಟಿತು. ಕೆಲವೇ ತಿಂಗಳಲ್ಲಿ ಯುಗವೊಂದು ಹುಟ್ಟಿ ಸತ್ತುಹೋಗಿತ್ತು! ‘ಅವರು ಹೀಗೆಂದು ಅನೌನ್ಸ್ ಮಾಡಿದ್ದಾರೆ’ ಎಂಬುದು ಮಾರ್ಚ್ 23ರಂದು ನಿಜವಾದ ವಾಕ್ಯವೇ ಆಗಿತ್ತು. ಅದನ್ನು ಓದಿದವರು ‘ಹೀಗಾಗಿದೆ’ ಎಂದು ತಿಳಿದದ್ದರಲ್ಲಿ ತೊಡಕಿತ್ತು.

ಎರಡನೆಯದು ‘ಡಿಕ್ಲೇರ್’. ಇದರ ಒಳಗೆ ‘ಕ್ಲಾರುಸ್’ ಎಂಬ ಲ್ಯಾಟಿನ್ ಪದವಿದೆ. ಸ್ಪಷ್ಟ, ನಿಚ್ಚಳ ಎಂದು ಅರ್ಥ. ಅಸ್ಪಷ್ಟವಾಗಿದ್ದುದನ್ನು ಸ್ಪಷ್ಟಪಡಿಸಿ, ಇನ್ನು ಚರ್ಚೆ ಬೇಡವೆಂದು ಇತ್ಯರ್ಥ ಮಾಡುವುದು ಡಿಕ್ಲೇರ್. ಅದಕ್ಕೆ ಅಧಿಕಾರ ಬೇಕು. ಚುನಾವಣೆಯಲ್ಲಿ ಗೆದ್ದವರ ಹೆಸರನ್ನು ಚುನಾವಣಾಧಿಕಾರಿ ಡಿಕ್ಲೇರ್ ಮಾಡುತ್ತಾರೆ. ಮತ ಎಣಿಕೆಯ ಕೇಂದ್ರದ ಹೊರಗೆ ಪಟಾಕಿ ಹಚ್ಚುವವರಲ್ಲ. ಆಕ್ಸ್‌ಫರ್ಡಿನ ದಾರ್ಶನಿಕ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳು ಅವರ ನಿಧನಾನಂತರ, 1962ರಲ್ಲಿ, ‘ಹೌ ಟು ಡು ಥಿಂಗ್ಸ್ ವಿತ್ ವರ್ಡ್ಸ್’ ಎಂಬ ಪುಸ್ತಕವಾಗಿ ಬಂದವು. ಕೆಲವು ಮಾತುಗಳು ಸಂಗತಿಯನ್ನು ವರ್ಣಿಸುವುದಿಲ್ಲ, ಆಡಿದ ಕ್ಷಣವೇ ಕಾರ್ಯವನ್ನು ನೆರವೇರಿಸುತ್ತವೆ ಎಂಬುದು ಅಲ್ಲಿನ ಪ್ರಸಿದ್ಧ ವಿಚಾರ. ಆದರೆ ಆಸ್ಟಿನ್ ಅದಕ್ಕೊಂದು ಷರತ್ತನ್ನೂ ಹಾಕಿದರು: ತಕ್ಕ ವ್ಯಕ್ತಿ, ತಕ್ಕ ಸಂದರ್ಭದಲ್ಲಿ, ತಕ್ಕ ಕ್ರಮದಲ್ಲಿ ಆಡಬೇಕು. ಇಲ್ಲವಾದರೆ ಆ ಮಾತು ಸುಳ್ಳಾಗುವುದಕ್ಕಿಂತ ಹೆಚ್ಚಾಗಿ ಪೊಳ್ಳಾಗುತ್ತದೆ.

ನಿಮ್ಮಲ್ಲಿ ಬಹುಮಂದಿಗೆ ತತ್ತ್ವಶಾಸ್ತ್ರಕ್ಕಿಂತ ಕ್ರಿಕೆಟ್ ಹತ್ತಿರ. ಆದ್ದರಿಂದ ಅಲ್ಲಿಂದಲೇ ಉದಾಹರಣೆ ಕೊಡುತ್ತೇನೆ. 2004ರ ಮಾರ್ಚ್‌ನಲ್ಲಿ ಮುಲ್ತಾನಿನ ಟೆಸ್ಟ್ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ 194 ಓಟಗಳನ್ನು ಗಳಿಸಿ ಆಡುತ್ತಿದ್ದಾಗ, ಗಾಯಗೊಂಡಿದ್ದ ಸೌರವ್ ಗಂಗೂಲಿಯವರ ಬದಲಿಗೆ ತಂಡದ ನಾಯಕತ್ವ ವಹಿಸಿದ್ದ ನಮ್ಮ ರಾಹುಲ್ ದ್ರಾವಿಡ್ ಇನಿಂಗ್ಸನ್ನು ಡಿಕ್ಲೇರ್ ಮಾಡಿಕೊಂಡರು. ಆಗ ಭಾರತದ ಮೊತ್ತ 5 ವಿಕೆಟ್‌ಗೆ 675. ಟೀವಿಯ ಮುಂದೆ ಕುಳಿತಿದ್ದ ಕೋಟ್ಯಂತರ ಜನರಿಗೆ ಇನ್ನು ಆರು ಓಟ ಬೇಕಿತ್ತು. ಆದರೆ ಡಿಕ್ಲೇರ್ ಮಾಡುವ ಅಧಿಕಾರ ಕೋಟ್ಯಂತರ ಜನರಿಗಿರಲಿಲ್ಲ, ಒಬ್ಬ ನಾಯಕನಿಗಿತ್ತು. ಜನ ಒಪ್ಪಲಿ, ಬಿಡಲಿ, ಅವರು ಕೈಸನ್ನೆ ಮಾಡಿದ ಕೂಡಲೇ ಇನಿಂಗ್ಸ್ ಮುಗಿಯಿತು. ಭಾರತ ಆ ಪಂದ್ಯವನ್ನು ಇನಿಂಗ್ಸ್ ಮತ್ತು 52 ಓಟಗಳಿಂದ ಗೆದ್ದಿತು. ಆ ನಿರ್ಧಾರ ಸರಿಯೋ ತಪ್ಪೋ ಎಂದು ಇಂದಿಗೂ ಜಗಳವಾಡುವವರಿದ್ದಾರೆ. ಆ ಜಗಳ ಸಾಧ್ಯವಾಗಿರುವುದೇ ಡಿಕ್ಲೇರ್ ಮಾಡಿದವರು ಯಾರೆಂಬುದು ಎಲ್ಲರಿಗೂ ಗೊತ್ತಿರುವುದರಿಂದ.

ಅಧಿಕಾರವಿಲ್ಲದವರು ಡಿಕ್ಲೇರ್ ಮಾಡಿದರೆ ಏನಾಗುತ್ತದೆ? 1948ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ರಾತ್ರಿ ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಯು ಎಣಿಕೆ ಮುಗಿಯುವ ಮೊದಲೇ ಟ್ರೂಮನ್‌ರನ್ನು ಡ್ಯೂಯಿ ಸೋಲಿಸಿದರೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ಗೆದ್ದವರು ಟ್ರೂಮನ್, 303 ಚುನಾಯಕ ಮತಗಳು ಅವರಿಗೆ, 189 ಡ್ಯೂಯಿಗೆ. ಗೆದ್ದ ಟ್ರೂಮನ್ ಆ ಪತ್ರಿಕೆಯನ್ನೇ ಎತ್ತಿ ಹಿಡಿದು ನಗುತ್ತಿರುವ ಛಾಯಾಚಿತ್ರವನ್ನು ನೀವು ನೋಡಿರಬಹುದು. ಪತ್ರಿಕೆಯ ಕೆಲಸ ಡಿಕ್ಲೇರ್ ಆದದ್ದನ್ನು ತಿಳಿಸುವುದು. ತಾನೇ ಡಿಕ್ಲೇರ್ ಮಾಡಲು ಹೊರಟಾಗ ಅದು ನಗೆಪಾಟಲಾಯಿತು.

ಇಲ್ಲಿ ವ್ಯಾಕರಣದ ಒಂದು ಮಾತನ್ನು ಹೇಳದೆ ಮುಂದೆ ಹೋದರೆ ನನಗೆ ನಿದ್ರೆ ಬರುವುದಿಲ್ಲ. ‘ಡಿಕ್ಲೇರ್ಡ್ ಆ್ಯಸ್ ದಿ ವಿನ್ನರ್’ ಎಂದು ಬರೆಯುವ ಅಗತ್ಯವಿಲ್ಲ. ‘ಡಿಕ್ಲೇರ್ಡ್ ದಿ ವಿನ್ನರ್’ ಎಂದರೆ ಸಾಕು. ‘ಹೇಲ್ಡ್’ ಪದಕ್ಕಾದರೋ ‘ಆ್ಯಸ್’ ಬೇಕೇ ಬೇಕು. ಹೀಗೇಕೆ ಎಂದು ಎಂದಾದರೂ ಯೋಚಿಸಿದ್ದೀರಾ? ನನಗೆ ತೋಚುವುದು ಇಷ್ಟು: ಡಿಕ್ಲೇರ್ ಮಾಡಿದಾಗ ವ್ಯಕ್ತಿ ವಿಜೇತನೇ ಆಗಿಬಿಡುತ್ತಾನೆ, ನಡುವೆ ಅಂತರವಿಲ್ಲ. ಹೇಲ್ ಮಾಡಿದಾಗ ಅವನು ವಿಜೇತನ ‘ಹಾಗೆ’ ಕಾಣಿಸುತ್ತಾನೆ, ಅಷ್ಟೆ. ‘ಆ್ಯಸ್’ ಎಂಬ ಆ ಪುಟ್ಟ ಪದ ವಸ್ತುವಿಗೂ ಹೊಗಳಿಕೆಗೂ ನಡುವೆ ಇರುವ ಬಿರುಕನ್ನು ಪ್ರಾಮಾಣಿಕವಾಗಿ ತೋರಿಸುತ್ತಿದೆ. ಓದುವವರು ಆ ಬಿರುಕಿನೊಳಗೆ ಇಣುಕಿ ನೋಡಬೇಕು.

ಮೂರನೆಯದು ‘ಪ್ರೊಕ್ಲೇಮ್’. ‘ಕ್ಲಾಮಾರೆ’ ಎಂದರೆ ಕೂಗುವುದು. ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಕೂಗುವುದು ಪ್ರೊಕ್ಲೇಮ್. ಇದು ರಾಜ್ಯಾಡಳಿತದ ಪದ. ನಮ್ಮ ಸಂವಿಧಾನದ 352ನೇ ವಿಧಿಯಲ್ಲಿ ಪ್ರೊಕ್ಲಮೇಶನ್, ಡಿಕ್ಲರೇಶನ್ ಎರಡೂ ಪದಗಳು ಬರುತ್ತವೆ, ಬೇರೆ ಬೇರೆ ಕೆಲಸಕ್ಕಾಗಿ: ರಾಷ್ಟ್ರಪತಿಯವರು ಪ್ರೊಕ್ಲಮೇಶನ್ನಿನ ಮೂಲಕ ಡಿಕ್ಲರೇಶನ್ ಮಾಡಬಹುದು. ಒಂದು ನಿರ್ಧಾರ, ಇನ್ನೊಂದು ಅದನ್ನು ಲೋಕಕ್ಕೆ ಸಾರುವ ವಿಧಾನ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಪ್ರೊಕ್ಲಮೇಶನ್ನಿಗೆ ಸಹಿ ಹಾಕಿದವರು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್. ಮರುದಿನ ಬೆಳಿಗ್ಗೆ ಆಕಾಶವಾಣಿಯಲ್ಲಿ ಅದನ್ನು ಅನೌನ್ಸ್ ಮಾಡಿದವರು ಪ್ರಧಾನಿ ಇಂದಿರಾ ಗಾಂಧಿ. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಸಹಿ ಬಿದ್ದ ಮೇಲೆ, ಬೆಳಗಿನ ಸಭೆಯಲ್ಲಿ. ಸಂಪುಟದ ತೀರ್ಮಾನವನ್ನು ಲಿಖಿತವಾಗಿ ತಿಳಿಸದ ಹೊರತು ರಾಷ್ಟ್ರಪತಿಯವರು ಇಂಥ ಪ್ರೊಕ್ಲಮೇಶನ್ ಹೊರಡಿಸುವಂತಿಲ್ಲವೆಂಬ ನಿಯಮವನ್ನು 1978ರ 44ನೇ ತಿದ್ದುಪಡಿ ತಂದಿತು. ಒಂದು ರಾಷ್ಟ್ರ ತನ್ನ ಕಹಿ ಅನುಭವದಿಂದ ಕಲಿತ ಪಾಠವಿದು: ಸಾರಿದವರು ಯಾರು ಎಂದು ಕೇಳಿದರಷ್ಟೇ ಸಾಲದು, ನಿರ್ಧರಿಸಿದವರು ಯಾರು ಎಂದೂ ಕೇಳಬೇಕು. ‘ತುರ್ತುಪರಿಸ್ಥಿತಿ ಘೋಷಣೆಯಾಯಿತು’ ಎಂಬ ಕರ್ತೃವಿಲ್ಲದ ವಾಕ್ಯದಲ್ಲಿ ಈ ಎರಡು ಪ್ರಶ್ನೆಗಳೂ ಮುಚ್ಚಿಹೋಗುತ್ತವೆ.

ಇನ್ನು ‘ಹೇಲ್’. ತರಗತಿಯಲ್ಲಿ ಈ ಪದವನ್ನು ಉಚ್ಚರಿಸಿದಾಗಲೆಲ್ಲ ಹಿಂದಿನ ಬೆಂಚಿನವರು ಏಕೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆ ಹಿಂದಿನ ಬೆಂಚಿನವರೇ ಈಗ ದೊಡ್ಡ ಹುದ್ದೆಗಳಲ್ಲಿದ್ದಾರೆ, ಇರಲಿ. ಹಳೆಯ ನಾರ್ವೇ ಸೀಮೆಯ ಭಾಷೆಯಲ್ಲಿ ‘ಹೈಲ್’ ಎಂದರೆ ಆರೋಗ್ಯವಂತ, ಇಡಿಯಾದ ಎಂದರ್ಥ. ‘ಹೆಲ್ತ್’, ‘ಹೋಲ್’ ಪದಗಳೂ ಅದರ ದಾಯಾದಿಗಳೇ. ಎದುರಾದವರಿಗೆ ‘ಚೆನ್ನಾಗಿರು’ ಎಂದು ಹರಸುವ ಕೂಗಾಗಿದ್ದದ್ದು ಮುಂದೆ ಜಯಕಾರವಾಯಿತು. ಸಮುದ್ರದಲ್ಲಿ ಒಂದು ಹಡಗು ಇನ್ನೊಂದನ್ನು ಕೂಗಿ ‘ಯಾವ ಬಂದರಿನಿಂದ?’ ಎಂದು ವಿಚಾರಿಸುತ್ತಿದ್ದುದರಿಂದ ‘ಹೇಲ್ ಫ್ರಮ್’ ಎಂಬ ಪ್ರಯೋಗ ಬಂತು. ನೌಕರಿಯ ಅರ್ಜಿಗಳಲ್ಲಿ ‘ಐ ಹೇಲ್ ಫ್ರಮ್ ಎ ಮಿಡಲ್ ಕ್ಲಾಸ್ ಫ್ಯಾಮಿಲಿ’ ಎಂದು ಬರೆಯುವ ನಮ್ಮ ಹುಡುಗರು ತಾವು ಹಡಗಿನ ಭಾಷೆಯನ್ನಾಡುತ್ತಿದ್ದೇವೆಂದು ತಿಳಿದಿರಲಾರರು. ಬಂದರಿನಿಂದ ಬರಬಹುದು, ಊರಿನಿಂದ ಬರಬಹುದು. ಮಧ್ಯಮವರ್ಗವೆಂಬ ಬಂದರು ಯಾವ ನಕಾಶೆಯಲ್ಲಿದೆ?

ಹೇಲ್ ಮಾಡುವುದಕ್ಕೆ ಅಧಿಕಾರ ಬೇಕಿಲ್ಲ, ಪುರಾವೆ ಬೇಕಿಲ್ಲ, ಗಟ್ಟಿ ಗಂಟಲಿದ್ದರೆ ಸಾಕು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೊದಲ ಅಂಕದ ಮೂರನೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ಮೂವರು ಮಾಟಗಾತಿಯರು ಮ್ಯಾಕ್‌ಬೆತ್‌ನನ್ನು ಮೂರು ಬಿರುದುಗಳಿಂದ ಹೇಲ್ ಮಾಡುತ್ತಾರೆ. ಗ್ಲಾಮಿಸ್‌ನ ಒಡೆತನ ಅವನಿಗೆ ಆಗಲೇ ಇದ್ದದ್ದು, ಅದು ಎಲ್ಲರೂ ಬಲ್ಲ ಸತ್ಯ. ಕಾಡರ್‌ನ ಒಡೆತನವನ್ನು ದೊರೆ ಆಗಲೇ ಕೊಟ್ಟಾಗಿತ್ತು, ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಮೂರನೆಯದು ಮುಂದೆ ದೊರೆಯಾಗುವನೆಂಬುದು. ಅದು ಕೇವಲ ಆಮಿಷ. ಎರಡು ಸತ್ಯಗಳ ಬಾಲಕ್ಕೆ ಕಟ್ಟಿದ ಆ ಮೂರನೆಯ ಹೇಲ್‌ನಿಂದಲೇ ಕೊಲೆಗಳು ನಡೆದವು, ರಾಜ್ಯ ಹಾಳಾಯಿತು, ಅವನೂ ಸತ್ತ. ಹೊಗಳುಭಟರ ಕಸುಬಿನ ಗುಟ್ಟು ಇಷ್ಟೇ: ನಿಜವನ್ನು ಮೊದಲಿಟ್ಟು, ಆಸೆಯನ್ನು ಅದರ ಹಿಂದೆ ಸಾಲಾಗಿ ನಿಲ್ಲಿಸುವುದು. ಜರ್ಮನಿಯಲ್ಲಿ 1930ರ ದಶಕದಲ್ಲಿ ಇದೇ ಪದದ ದಾಯಾದಿಯಾದ ‘ಹೈಲ್’ ಪದವನ್ನು ಒಬ್ಬ ಮನುಷ್ಯನ ಹೆಸರಿನ ಜೊತೆಗೆ ಸೇರಿಸಿ, ಕೈ ಚಾಚಿ ಕೂಗಬೇಕಾದ ನಿತ್ಯದ ನಮಸ್ಕಾರವನ್ನಾಗಿ ಮಾಡಲಾಯಿತು. ಆರೋಗ್ಯ ಕೋರುವ ಪದದಿಂದ ಒಂದು ಖಂಡವೇ ರೋಗಕ್ಕೆ ಬಿತ್ತು.

ಇಂದಿನ ಪತ್ರಿಕೆಗಳಲ್ಲಿ ಈ ಪದ ಕರ್ಮಣಿ ಪ್ರಯೋಗದ ಮುಸುಕು ಹಾಕಿಕೊಂಡು ಬರುತ್ತದೆ: ‘ಹೇಲ್ಡ್ ಆ್ಯಸ್’. ಯಾರಿಂದ? ಹೇಳುವುದಿಲ್ಲ. ಎಷ್ಟು ಮಂದಿಯಿಂದ? ಹೇಳುವುದಿಲ್ಲ. ಹೊಗಳಿದವರಿಗೆ ಆ ವಿಷಯ ಗೊತ್ತಿತ್ತೇ? ಅದನ್ನಂತೂ ಹೇಳುವುದೇ ಇಲ್ಲ. ಎಲಿಜಬೆತ್ ಹೋಮ್ಸ್ ಎಂಬ ಯುವತಿ 2003ರಲ್ಲಿ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ‘ಥೆರಾನೋಸ್’ ಎಂಬ ಕಂಪನಿಯನ್ನು ಆರಂಭಿಸಿದಳು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ಮಾಡಬಹುದೆಂಬುದು ಅವಳ ಮಾತು. ಅಮೆರಿಕದ ನಿಯತಕಾಲಿಕೆಗಳು 2014ರ ಹೊತ್ತಿಗೆ ಅವಳನ್ನು ಮುಖಪುಟಕ್ಕೇರಿಸಿದವು. ಮುಂದಿನ ಸ್ಟೀವ್ ಜಾಬ್ಸ್ ಎಂದು ಅವಳು ‘ಹೇಲ್’ ಆದಳು. 2015ರ ಅಕ್ಟೋಬರ್‌ನಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ವರದಿಗಾರ ಜಾನ್ ಕ್ಯಾರಿರೂ ಆ ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿಲ್ಲವೆಂಬುದನ್ನು ಬಯಲಿಗೆಳೆದರು. 2022ರ ಜನವರಿಯಲ್ಲಿ ಹೂಡಿಕೆದಾರರಿಗೆ ವಂಚಿಸಿದ್ದಕ್ಕಾಗಿ ನ್ಯಾಯಾಲಯದಲ್ಲಿ ಅವಳು ತಪ್ಪಿತಸ್ಥಳೆಂದು ತೀರ್ಮಾನವಾಗಿ, ಅದೇ ನವೆಂಬರ್‌ನಲ್ಲಿ 11 ವರ್ಷಕ್ಕೂ ಹೆಚ್ಚಿನ ಸೆರೆವಾಸದ ಶಿಕ್ಷೆಯಾಯಿತು. ಅವಳಿಗೆ ಶಿಕ್ಷೆಯಾಯಿತು, ಸರಿ. ‘ಹೇಲ್’ ಮಾಡಿದವರು ಎಲ್ಲಿ? ಕರ್ಮಣಿ ಪ್ರಯೋಗದಲ್ಲಿ ಕರ್ತೃವೇ ಇರಲಿಲ್ಲವಲ್ಲ, ಹುಡುಕುವುದು ಯಾರನ್ನು?

ಹೊಗಳಿಕೆ ಬಾಯಿಂದ ಬಾಯಿಗೆ ದಾಟುವಾಗ ಅದರ ಷರತ್ತುಗಳು ಉದುರಿಹೋಗುತ್ತವೆ ಎಂಬುದಕ್ಕೆ ‘ಟೈಟಾನಿಕ್’ ಹಡಗಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆ ಹಡಗಿನ ನೀರುತಡೆ ಬಾಗಿಲುಗಳ ಬಗ್ಗೆ 1911ರಲ್ಲಿ ಬರೆದ ಒಂದು ಹಡಗು ನಿರ್ಮಾಣ ಪತ್ರಿಕೆಯು ‘ಬಹುಮಟ್ಟಿಗೆ ಮುಳುಗದ’ ಎಂಬರ್ಥದ ಮಾತನ್ನು ಬಳಸಿತ್ತು. ಜನರ ನೆನಪಿನಲ್ಲಿ ಉಳಿದದ್ದು ‘ಮುಳುಗದ’ ಎಂಬುದು ಮಾತ್ರ. ‘ಬಹುಮಟ್ಟಿಗೆ’ ಎಂಬ ಮಾತು ಹಡಗಿಗಿಂತ ಮೊದಲೇ ಮುಳುಗಿತು. 1912ರ ಏಪ್ರಿಲ್ 15ರಂದು ಹಡಗು ಮುಳುಗಿ 1,500ಕ್ಕೂ ಹೆಚ್ಚು ಜನ ಸತ್ತರು.

‘ಹೆರಾಲ್ಡ್’ ಪದದ ಕಥೆಯೂ ಕೇಳುವಂಥದ್ದೇ. ಮಧ್ಯಯುಗದ ಯೂರೋಪಿನಲ್ಲಿ ಹೆರಾಲ್ಡ್ ಎಂದರೆ ರಾಜನ ಸಂದೇಶವನ್ನು ಸಾರುವ, ವೀರರ ಲಾಂಛನಗಳ ಲೆಕ್ಕವಿಡುವ ಅಧಿಕಾರಿ. ಲಂಡನ್ನಿನಲ್ಲಿ 1484ರಲ್ಲಿ ಸ್ಥಾಪನೆಯಾದ ಅವರ ಸಂಸ್ಥೆ ಇಂದಿಗೂ ಇದೆ. 2022ರ ಸೆಪ್ಟೆಂಬರ್ 10ರಂದು ಮೂರನೆಯ ಚಾರ್ಲ್ಸ್ ದೊರೆಯಾದುದನ್ನು ಸೇಂಟ್ ಜೇಮ್ಸ್ ಅರಮನೆಯ ಮೊಗಸಾಲೆಯಿಂದ ಓದಿ ಸಾರಿದವರು ಅಂಥ ಒಬ್ಬ ಅಧಿಕಾರಿಯೇ. ಆದರೆ ಚಾರ್ಲ್ಸ್ ಎರಡು ದಿನ ಮೊದಲು, ತಾಯಿ ತೀರಿಕೊಂಡ ಗಳಿಗೆಯಲ್ಲೇ ದೊರೆಯಾಗಿದ್ದರು; ಹೆರಾಲ್ಡ್ ಅವರನ್ನು ದೊರೆ ಮಾಡಲಿಲ್ಲ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಹುಟ್ಟಿದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆ ಆ ಹೆಸರನ್ನು ಹೊತ್ತಿರುವುದೂ ಸುದ್ದಿ ಸಾರುವ ಆ ಘನತೆಯ ಅರ್ಥದಲ್ಲಿ. ಈಗಿನ ‘ಹೆರಾಲ್ಡ್ಸ್ ಎ ನ್ಯೂ ಇರಾ’ ಎಂಬ ಸವಕಲು ಮಾತಿನಲ್ಲಿ ಆ ಘನತೆ ಎಲ್ಲಿದೆ? ಕನ್ನಡದಲ್ಲಿ ನಾವು ಅದನ್ನು ‘ಹೊಸ ಶಕೆಗೆ ನಾಂದಿ ಹಾಡಿತು’ ಎಂದು ಬರೆಯುತ್ತೇವೆ. ನಾಂದಿ ಎಂದರೆ ನಾಟಕಕ್ಕೆ ಮೊದಲು ಹಾಡುವ ಮಂಗಳ ಪದ್ಯ. ನಾಂದಿ ಚೆನ್ನಾಗಿದ್ದ ಮಾತ್ರಕ್ಕೆ ನಾಟಕ ಚೆನ್ನಾಗಿರುತ್ತದೆಯೇ? ಶಕೆ ಬಂದಿತೋ ಇಲ್ಲವೋ ಎಂಬುದನ್ನು ಮೊಮ್ಮಕ್ಕಳು ಹೇಳಬೇಕು, ಅಂದಿನ ಸಂಜೆಯ ಪತ್ರಿಕೆಯಲ್ಲ.

‘ಅಕ್ಲೇಮ್’ ಕೂಡ ಕೂಗಿನಿಂದಲೇ ಹುಟ್ಟಿದ ಪದ. ಹಿಂದೆ ರೋಮಿನಲ್ಲಿ ಸೈನಿಕರು ತಮ್ಮ ದಂಡನಾಯಕನಿಗೆ ಜಯಕಾರ ಹಾಕಿ ‘ಇಂಪರೇಟರ್’ ಎಂಬ ಬಿರುದನ್ನು ಕೊಡುತ್ತಿದ್ದರು. ಕೆನಡಾದಲ್ಲಿ ಇಂದಿಗೂ ಎದುರಾಳಿಯಿಲ್ಲದೆ ಆಯ್ಕೆಯಾದ ಅಭ್ಯರ್ಥಿಯನ್ನು ‘ಅಕ್ಲೇಮ್ಡ್’ ಎನ್ನುತ್ತಾರೆ. ಎಂಥ ಸೊಗಸಾದ ಅರ್ಥ ನೋಡಿ! ಸ್ಪರ್ಧೆಯೇ ಇಲ್ಲದ ಕಡೆ ಸಿಗುವ ಗೆಲುವು. ಪೋಪರನ್ನು ಕಾರ್ಡಿನಲ್‌ಗಳು ಹೀಗೆ ಒಕ್ಕೊರಲ ಕೂಗಿನಿಂದ ಆರಿಸಬಹುದಾಗಿದ್ದ ಹಳೆಯ ವಿಧಾನವನ್ನು 1996ರಲ್ಲಿ ಎರಡನೆಯ ಜಾನ್ ಪಾಲ್ ರದ್ದುಮಾಡಿ, ಗುಪ್ತ ಮತದಾನವನ್ನೇ ಉಳಿಸಿದರು. ಅಲ್ಲಿಯೂ ಕೂಗಿಗಿಂತ ಎಣಿಕೆಯನ್ನೇ ನಂಬಿದರು. ನಾವು ಮಾತ್ರ ‘ಕ್ರಿಟಿಕಲಿ ಅಕ್ಲೇಮ್ಡ್’ ಎಂದು ಹೊದಿಕೆಯ ಮೇಲೆ ಅಚ್ಚಾಗಿದ್ದರೆ ಪುಸ್ತಕವನ್ನು ಮರುಮಾತಿಲ್ಲದೆ ಕೊಂಡುಕೊಳ್ಳುತ್ತೇವೆ. ಒಂದು ಖಾಸಗಿ ಶಾಲೆಯ ಕರಪತ್ರದಲ್ಲಿ ಅದು ‘ವೈಡ್ಲಿ ಅಕ್ಲೇಮ್ಡ್’ ಎಂದು ಬರೆದುಕೊಂಡಿದ್ದನ್ನು ನೋಡಿದೆ. ಶಾಲೆ ಇನ್ನೂ ಆರಂಭವೇ ಆಗಿರಲಿಲ್ಲ. ಜೂನ್‌ನಲ್ಲಿ ಪ್ರವೇಶವೆಂದು ಅದೇ ಹಾಳೆಯ ಕೆಳಗೆ ಇತ್ತು!

ಇದಕ್ಕೆ ತದ್ವಿರುದ್ಧವಾದ ಚಾಳಿಯೂ ಒಂದಿದೆ. ಬರೆಯುವವರಿಗೆ ಒಂದು ವಿಷಯ ಇಷ್ಟವಿಲ್ಲದಿದ್ದರೆ ‘ಹೇಲ್’ ಬದಲು ‘ಟೌಟ್’ ಎನ್ನುತ್ತಾರೆ. ಮೊದಲು ‘ಇಣುಕಿ ನೋಡು’ ಎಂಬ ಅರ್ಥವಿದ್ದ ಈ ಪದ ಮುಂದೆ ಗಿರಾಕಿಗಳನ್ನು ಹೊಂಚಿ ಹಿಡಿಯುವ ದಲ್ಲಾಳಿಗೆ ಅಂಟಿಕೊಂಡಿತು. ಕೋರ್ಟಿನ ಆವರಣದಲ್ಲಿ ಕಕ್ಷಿದಾರರನ್ನು ಎಳೆದೊಯ್ಯುವ ‘ಟೌಟ್’ಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ 1879ರ ಕಾಯಿದೆ ಕೊಟ್ಟಿತ್ತು, 2023ರ ತಿದ್ದುಪಡಿ ಆ ಅಂಶವನ್ನು ವಕೀಲರ ಕಾಯಿದೆಯೊಳಕ್ಕೆ ತಂದಿತು. ಅಂಥ ಪದವನ್ನು ಯಾರೋ ಒಬ್ಬರ ಬಾಯಿಗೆ ಹಾಕಿದರೆ, ‘ಇವರ ಮಾತು ನಂಬಬೇಡಿ’ ಎಂದು ವಾದ ಮಾಡದೆಯೇ ಹೇಳಿದಂತಾಯಿತು. ನಮಗೆ ಬೇಕಾದವರು ಹೊಗಳಿದರೆ ‘ಹೇಲ್’, ಬೇಡದವರು ಹೊಗಳಿದರೆ ‘ಟೌಟ್’. ಆಡಿದ ಮಾತು ಒಂದೇ, ಆದರೆ ತೀರ್ಪು ಕ್ರಿಯಾಪದದ ಹೊಟ್ಟೆಯಲ್ಲಿ ಅಡಗಿ ಕುಳಿತಿದೆ. ಇದು ಹೊಗಳಿಕೆಯಷ್ಟೇ ಅಪ್ರಾಮಾಣಿಕ.

ನನ್ನ ಈ ವಾದಕ್ಕೆ ಬರಬಹುದಾದ ಉತ್ತರಗಳನ್ನು ನಾನು ಬಲ್ಲೆ. ‘ಭಾಷೆ ಹರಿಯುವ ನದಿ, ಸಾರ್. ಪದಗಳ ಅರ್ಥ ಬದಲಾಗುತ್ತದೆ. ನೀವೇ ಹೇಳಿದಂತೆ ಹರಕೆಯ ಪದ ಜಯಕಾರವಾಗಲಿಲ್ಲವೇ?’ ಎಂದು ಕೇಳುವಿರಿ. ಒಪ್ಪಿದೆ. ಅರ್ಥ ಬದಲಾಗುವುದಕ್ಕೆ ನನ್ನ ವಿರೋಧವಿಲ್ಲ. ಒಂದು ಪದ ಹೊಸ ಅರ್ಥವನ್ನು ಪಡೆದಾಗ ಭಾಷೆ ಶ್ರೀಮಂತವಾಗುತ್ತದೆ. ಆರು ಪದಗಳು ಒಂದೇ ಅರ್ಥಕ್ಕೆ ಕುಸಿದಾಗ ಭಾಷೆ ಬಡವಾಗುತ್ತದೆ. ನದಿ ಹರಿಯುವುದು ಬೇರೆ, ಕೆರೆಯ ಏರಿ ಒಡೆಯುವುದು ಬೇರೆ. ಎರಡರಲ್ಲೂ ನೀರು ಚಲಿಸುತ್ತದೆಯೆಂದು ಎರಡನ್ನೂ ಒಂದೇ ಎನ್ನಲಾದೀತೇ?

‘ತಲೆಬರಹದಲ್ಲಿ ಸ್ಥಳ ಕಡಿಮೆ, ಹೇಲ್ ನಾಲ್ಕೇ ಅಕ್ಷರ’ ಎಂಬುದು ಎರಡನೆಯ ಉತ್ತರ. ಇದು ಮೊದಲಿನದಕ್ಕಿಂತ ಪ್ರಾಮಾಣಿಕವಾದದ್ದು. ಆದರೆ ಇಂಗ್ಲಿಷಿನಲ್ಲಿ ‘ಸೇ’ ಎಂಬ ಪದಕ್ಕೆ ಮೂರೇ ಅಕ್ಷರ. ‘ಸಚಿವರು ಇದು ಒಳ್ಳೆಯದೆಂದು ಹೇಳಿದರು’ ಎಂದು ಬರೆಯುವುದಕ್ಕೆ ಸ್ಥಳ ಇಲ್ಲದೆ ಹೋದದ್ದಲ್ಲ, ಮನಸ್ಸಿಲ್ಲದೆ ಹೋದದ್ದು. ‘ಹೇಳಿದರು’ ಎಂದರೆ ಓದುಗ ‘ಹೌದೇ, ನಿಜವೇ?’ ಎಂದು ಕೇಳಿಬಿಡುತ್ತಾನೆ. ‘ಹೇಲ್’ ಎಂದಾಗ ಆ ಪ್ರಶ್ನೆಗೆ ಅವಕಾಶವಿಲ್ಲದೆ ಚಪ್ಪಾಳೆಯ ಸದ್ದು ಕೇಳಿಸುತ್ತದೆ.

‘ಇದು ಇಂಗ್ಲಿಷರ ಸಮಸ್ಯೆ, ನಮಗೇಕೆ?’ ಎಂಬುದು ಮೂರನೆಯದು. ನಮಗೇಕೆಂದರೆ, ಇಂಗ್ಲಿಷಿನಿಂದ ಅನುವಾದವಾಗುವ ಸುದ್ದಿಗಳ ಮೂಲಕ ಇದೇ ಕಾಯಿಲೆ ಕನ್ನಡಕ್ಕೂ ದಾಟಿದೆ. ನಮ್ಮಲ್ಲಿ ತಿಳಿಸು, ಪ್ರಕಟಿಸು, ಸಾರು, ಘೋಷಿಸು, ಕೊಂಡಾಡು, ಹಾಡಿಹೊಗಳು ಎಂದು ಎಷ್ಟು ಬಗೆಯ ಮಾತುಗಳಿವೆ! ಬಹುಪರಾಕ್ ಹೇಳುವವರಿಗೆ ವಂದಿಮಾಗಧರೆಂಬ ಬೇರೆಯೇ ಹೆಸರಿತ್ತು. ಆಸ್ಥಾನದಲ್ಲಿ ಅವರ ಮಾತನ್ನು ಯಾರೂ ಸುದ್ದಿಯೆಂದು ಭಾವಿಸುತ್ತಿರಲಿಲ್ಲ. ಈಗ ಎಲ್ಲದಕ್ಕೂ ಎರಡೇ ಪದ: ಅವರು ‘ಘೋಷಿಸಿದ್ದಾರೆ’, ಇವರು ‘ಬಣ್ಣಿಸಿದ್ದಾರೆ’. ಹೊಗಳಿಕೆಯನ್ನು ಬಸವಣ್ಣನವರು ಹೊನ್ನಿನ ಶೂಲಕ್ಕೆ ಹೋಲಿಸಿದ ನಾಡಿನಲ್ಲಿ, ಆ ಶೂಲವನ್ನು ನಿತ್ಯವೂ ತಿಕ್ಕಿ ಹೊಳೆಸಿ ಮಾರುವ ಅಂಗಡಿಗಳು ಬೆಳೆದಿವೆ.

ನಿಮ್ಮಲ್ಲಿ ಹಲವರು ಇಂದು ಕಂಪನಿಗಳಲ್ಲಿ, ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಇಂಗ್ಲಿಷ್ ಬರೆಯುತ್ತೀರಿ, ಕೆಲವರು ಹೊರದೇಶಗಳಲ್ಲಿದ್ದೀರಿ. ‘ಥ್ರಿಲ್ಡ್ ಟು ಅನೌನ್ಸ್’ ಎಂದು ಆರಂಭವಾಗುವ ನಿಮ್ಮ ಸಂದೇಶಗಳನ್ನು ಮಕ್ಕಳು ನನಗೂ ತೋರಿಸುತ್ತಾರೆ. ಬಡ್ತಿ ದೊರೆತದ್ದಕ್ಕೆ ನನಗೂ ಸಂತೋಷವೇ. ‘ಬಡ್ತಿ ಬಂತು, ಮೇಷ್ಟ್ರೇ’ ಎಂದರೆ ಇನ್ನೂ ಹೆಚ್ಚು ಸಂತೋಷ. ನಿಮ್ಮಿಂದ ನಾನು ಕೇಳುವುದು ಹೆಚ್ಚೇನಲ್ಲ. ಇಂಥದೊಂದು ಕ್ರಿಯಾಪದವನ್ನು ಓದಿದಾಗ, ಅದಕ್ಕಿಂತ ಮುಖ್ಯವಾಗಿ ಬರೆಯುವಾಗ, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಮಾತನ್ನು ಆಡಿದವರ ಹೆಸರು ವಾಕ್ಯದಲ್ಲಿದೆಯೇ? ಹಾಗೆ ಹೇಳುವ ಅಧಿಕಾರ ಅಥವಾ ತಿಳಿವಳಿಕೆ ಅವರಿಗಿದೆಯೇ? ಈ ಮಾತು ನಾಳೆ ಸುಳ್ಳಾದರೆ ಯಾರನ್ನು ಕೇಳಬೇಕು?

ಮೂರಕ್ಕೂ ಉತ್ತರ ಸಿಕ್ಕಿದರೆ ಧಾರಾಳವಾಗಿ ಡಿಕ್ಲೇರ್ ಮಾಡಿ, ಪ್ರೊಕ್ಲೇಮ್ ಮಾಡಿ. ಸಿಗದಿದ್ದರೆ ‘ಹೇಳಿದರು’ ಎಂದಷ್ಟೇ ಬರೆಯಿರಿ. ಆ ಬಡಪಾಯಿ ಕ್ರಿಯಾಪದ ಯಾರ ಕೊರಳಿಗೂ ಹಾರ ಹಾಕುವುದಿಲ್ಲ, ಯಾರ ಬೆನ್ನಿಗೂ ಚೂರಿ ಹಾಕುವುದಿಲ್ಲ. ಆಡಿದವರನ್ನು ವಾಕ್ಯದ ಮುಂದೆ ತಂದು ನಿಲ್ಲಿಸಿ, ಉಳಿದದ್ದನ್ನು ಓದುವವರ ವಿವೇಕಕ್ಕೆ ಬಿಡುತ್ತದೆ.